ಸಹಾಯ ಬೇಕು: ಚಿಕೋರಿ ಹಾಕದ ಪುಡಿಗೆ ಡಿಕಾಕ್ಷನ್ ಸರಿ ಇಳಿಯುದಿಲ್ಲ

ಕಾಫಿ ಗೊತ್ತಿದ್ದವರು ಸ್ವಲ್ಪ ಹೇಳಿ ಮಾರಾಯ್ರೆ. ನಮ್ಮದು ಮಂಗಳೂರು, ಕದ್ರಿ ಹತ್ತಿರ. ಮೊದಲು ಅಂಗಡಿಯ ಪುಡಿ ತರ್ತಿದ್ದೆವು, 80 ಕಾಫಿಗೆ 20 ಚಿಕೋರಿ (ಹುರಿದ ಬೇರಿನ ಪುಡಿ) ಮಿಶ್ರಣ. ಸ್ಟೀಲ್ ಫಿಲ್ಟರಿನಲ್ಲಿ ನಿಧಾನಕ್ಕೆ, ದಪ್ಪಗೆ ಇಳೀತಿತ್ತು. ಅಪ್ಪನಿಗೆ ಚಿಕೋರಿ ಬೇಡ ಅಂತ ಈಗ ಚಿಕ್ಕಮಗಳೂರಿಂದ ಹುರಿದ ಬೀಜ ತರಿಸುದು, ಪೀಬೆರಿ (ಹಣ್ಣಿನೊಳಗೆ ಒಂಟಿಯಾಗಿ ಬೆಳೆಯುವ ಗುಂಡು ಬೀಜ) 70, ರೋಬಸ್ಟಾ ಜಾತಿಯದ್ದು 30. ಪರಿಮಳಕ್ಕೆ ಎರಡು ಮಾತಿಲ್ಲ.

ಸಮಸ್ಯೆ ಇರುದು ಪುಡಿ ಮಾಡುದರಲ್ಲಿ. ಮಿಕ್ಸಿಯಲ್ಲಿ ತರಿತರಿ ಮಾಡಿದ್ರೆ ನೀರು ಸರ್ರನೆ ಜಾರಿ ಕೆಳಗೆ ಬರ್ತದೆ, ಬಣ್ಣ ನೋಡಿದ್ರೆ ಕಣ್ಣ ಚಾ (ಹಾಲು ಹಾಕದ ಚಾ). ನುಣ್ಣಗೆ ಮಾಡಿದ್ರೆ ರಾತ್ರಿ ಹಾಕಿದ ನೀರು ಬೆಳಿಗ್ಗೆಯೂ ಮೇಲೆಯೇ ಉಂಟು! ಬಿಟ್ಟು ಬಿಟ್ಟು ತಿರುಗಿಸಿ ನೋಡಿದೆ, ಜರಡಿ ಹಿಡಿದೆ, ಒತ್ತುವ ತಟ್ಟೆ ತೆಗೆದೂ ನೋಡಿದೆ. ಒಂದು ದಿನ ಸರಿ ಬಂದ್ರೆ ಮರುದಿನ ಇಲ್ಲ.

ಮೇಲಿಂದ ಈ ಮಳೆ. ಫ್ರಿಜ್ಜಿನಿಂದ ಡಬ್ಬಿ ತೆಗೆದ ಕೂಡಲೇ ಒಳಗೆ ತೇವ ಹಿಡಿದು ಪುಡಿ ಗಂಟು ಕಟ್ತದೆ, ಹಾಗಾಗಿ ಈಗ ಬೀಜವನ್ನೇ ಗಾಳಿಯಾಡದ ಡಬ್ಬಿಯಲ್ಲಿ ಹೊರಗೆ ಇಡುದು. (ಇದೇ ಊರಲ್ಲಿ ಹಸಿ ಬೀಜವನ್ನು ಬೇಕೆಂದೇ ಮಳೆಗಾಳಿಗೆ ಹರಡಿ ಮಾನ್ಸೂನ್ಡ್ ಮಲಬಾರ್ ಅಂತ ಒಂದು ಬಗೆಯ ಕಾಫಿ ಮಾಡಿ ಹೊರದೇಶಕ್ಕೆ ಕಳಿಸ್ತಾರೆ. ಹುರಿದ ಬೀಜಕ್ಕೆ ಮಾತ್ರ ಅದೇ ಗಾಳಿ ಆಗುದಿಲ್ಲ.)

ಚಿಕೋರಿ ನೀರು ಹೀರಿ ಹಿಡಿದಿಟ್ಟುಕೊಳ್ತದೆ, ಅದಿಲ್ಲದ್ದಕ್ಕೆ ಹೀಗೆ ಅಂತ ಒಬ್ಬರು. ಮಿಕ್ಸಿಯಲ್ಲಿ ಧೂಳೂ ತರಿಯೂ ಒಟ್ಟಿಗೆ ಬರ್ತದೆ, ಅದೇ ಕಾರಣ ಅಂತ ಇನ್ನೊಬ್ಬರು. ಕೈಯಲ್ಲಿ ತಿರುಗಿಸುವ ಗ್ರೈಂಡರಿಗೆ ದುಡ್ಡು ಹಾಕುವ ಮೊದಲು ಕೇಳುದು: ಚಿಕೋರಿ ಇಲ್ಲದೆ ಸ್ಟೀಲ್ ಫಿಲ್ಟರಿಗೆ ಪುಡಿ ಎಷ್ಟು ನುಣ್ಣಗಿರಬೇಕು, ಚಿರೋಟಿ ರವೆಯಷ್ಟಾ, ಅದಕ್ಕಿಂತ ಸಣ್ಣವಾ? ಮಿಕ್ಸಿಯಲ್ಲೇ ಅದು ಸಾಧ್ಯ ಉಂಟಾ, ಅಲ್ಲ ಗ್ರೈಂಡರ್ ತೆಗೊಳ್ಳಲೇಬೇಕಾ?