ಒಲಿಂಪಿಕ್ಸ್‌ನಲ್ಲಿ ಒಬ್ಬರು ಒಟ್ಟು ಎಷ್ಟು ದೂರ ಓಡಿದರು? ಲೆಕ್ಕ ಹಾಕಲು ಸಹಾಯ ಬೇಕು

ಸುಣ್ಣದ ಗೆರೆ:
ನಾನು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ತಯಾರಾಗುತ್ತಿರುವ ಮಕ್ಕಳಿಗಾಗಿ ಗೋಡೆ ಮೇಲೆ ಒಂದು ಚಾರ್ಟ್ ಹಾಕಬೇಕು ಅಂತಿದ್ದೇನೆ. ಪದಕದ ಪಟ್ಟಿ ಅಲ್ಲ, ಯಾರು ಒಟ್ಟು ಎಷ್ಟು ದೂರ ಓಡಿದರು ಅನ್ನುವ ಪಟ್ಟಿ. ಮಕ್ಕಳು ನೋಡುವುದು ಫೈನಲ್ ಮಾತ್ರ. ಅದಕ್ಕೂ ಮೊದಲು ಹೀಟ್ಸ್ (ಮೊದಲ ಸುತ್ತಿನ ಓಟ), ಸೆಮಿಫೈನಲ್ ಅಂತ ಎಷ್ಟು ಓಡಿ ಬಂದಿರುತ್ತಾರೆ ಅನ್ನುವುದು ಅವರಿಗೆ ಗೊತ್ತೇ ಆಗುವುದಿಲ್ಲ.

ನೆದರ್ಲೆಂಡ್ಸ್‌ನ ಸಿಫಾನ್ ಹಸನ್ ಅವರಿಂದ ಶುರು ಮಾಡಿದೆ. 2024ರ ಪ್ಯಾರಿಸ್‌ನಲ್ಲಿ 5,000 ಮೀಟರ್ ಹೀಟ್ಸ್ ಮತ್ತು ಫೈನಲ್, 10,000 ಮೀಟರ್ ಫೈನಲ್, ಆಮೇಲೆ ಮ್ಯಾರಥಾನ್. ಕೂಡಿದರೆ 62.195 ಕಿ.ಮೀ. ಎರಡು ಕಂಚು, ಮ್ಯಾರಥಾನ್‌ನಲ್ಲಿ ಚಿನ್ನ. ನಮ್ಮ ಶಾಲೆಯ ಟ್ರ್ಯಾಕ್ 200 ಮೀಟರಿನದು. ಅದರಲ್ಲಿ ಇದು 311 ಸುತ್ತು! ಟೋಕಿಯೊದಲ್ಲಿ ಇವರು ಓಡಿದ್ದು 24.5 ಕಿ.ಮೀ. 1,500 ಮೀಟರ್ ಮೂರು ಸಲ, 5,000 ಎರಡು ಸಲ, 10,000 ಒಂದು ಸಲ. ಅಲ್ಲಿ 1,500ರ ಹೀಟ್ಸ್‌ನ ಕೊನೆಯ ಸುತ್ತಿನಲ್ಲಿ ಬಿದ್ದರು, ಎದ್ದು ಓಡಿ ಆ ಹೀಟ್ ಗೆದ್ದರು. ಅದೇ ದಿನ ರಾತ್ರಿ 5,000ರ ಚಿನ್ನ. ಫೈನಲ್ ಮಾತ್ರ ಲೆಕ್ಕಕ್ಕೆ ಹಿಡಿದರೆ ಆ ಬಿದ್ದು ಎದ್ದ ಓಟವೇ ಚಾರ್ಟ್‌ನಲ್ಲಿ ಇರುವುದಿಲ್ಲ, ಅಲ್ವಾ?

ಹೊರಗಿನ ಲೇನ್‌ನಲ್ಲಿ ಓಡಿದ ಹೆಚ್ಚಿನ ದೂರ ಸೇರಿಸಬೇಕಾ? ಈಜುಗಾರರನ್ನೂ ಇದೇ ಚಾರ್ಟ್‌ನಲ್ಲಿ ಹಾಕಬಹುದಾ? ಇನ್ನು ಯಾರ ಹೆಸರು ಇರಲೇಬೇಕು?

ಲೇನ್ ಒಂದು:
ಸರ್, ರೇಸಿನ ಅಧಿಕೃತ ದೂರವನ್ನೇ ಬರೆಯಿರಿ. ಒಳಗಿನ ಅಂಚುಕಟ್ಟೆಯಿಂದ 30 ಸೆಂ.ಮೀ. ಆಚೆ ಅಳೆದಾಗ ಒಂದು ಸುತ್ತು ಸರಿಯಾಗಿ 400 ಮೀಟರ್. ಯಾರಾದರೂ ಇಡೀ ರೇಸನ್ನು ಎರಡನೇ ಲೇನಿನಲ್ಲೇ ಓಡಿದರೆ ಸುತ್ತಿಗೆ ಏಳೂವರೆ ಮೀಟರಿಗಿಂತ ಜಾಸ್ತಿ ಆಗುತ್ತದೆ. 10,000 ಮೀಟರ್ ಅಂದರೆ 25 ಸುತ್ತು, ಅಲ್ಲಿಗೆ 190 ಮೀಟರ್ ಹೆಚ್ಚು. ಆದರೆ ಯಾರು ಯಾವ ತಿರುವಿನಲ್ಲಿ ಎಷ್ಟು ಹೊರಗಿದ್ದರು ಅಂತ ವಿಡಿಯೊ ನೋಡಿ ಬರೆದು ಮುಗಿಸಲು ಆಗುವುದಿಲ್ಲ.

ಮ್ಯಾರಥಾನ್ ಇನ್ನೂ ಕಷ್ಟ. ದಾರಿಯನ್ನು ಅಳೆಯುವುದು ಅತಿ ಹತ್ತಿರದ ಗೆರೆ ಹಿಡಿದು. ಕಡಿಮೆ ಬೀಳಬಾರದು ಅಂತ ಕಿಲೋಮೀಟರಿಗೆ 1 ಮೀಟರ್ ಸೇರಿಸುತ್ತಾರೆ. ಹಾಗಾಗಿ ಎಲ್ಲರೂ 42.195ಕ್ಕಿಂತ ಸ್ವಲ್ಪ ಜಾಸ್ತಿಯೇ ಓಡಿರುತ್ತಾರೆ.

ನೀರಿನವಳು:
ಈಜಿಗೆ ಬೇರೆ ಕಾಲಮ್ ಮಾಡಿ ಮೇಷ್ಟ್ರೇ. ಮೈಕೆಲ್ ಫೆಲ್ಪ್ಸ್ 2008ರ ಬೀಜಿಂಗ್‌ನಲ್ಲಿ 8 ಚಿನ್ನಕ್ಕಾಗಿ 17 ಸಲ ನೀರಿಗಿಳಿದರು. ಎಲ್ಲ ಕೂಡಿದರೆ 3.3 ಕಿ.ಮೀ. ಅಷ್ಟೇ. ಹಸನ್ ಅವರ ಪಕ್ಕದಲ್ಲಿ ಇದನ್ನು ಬರೆದರೆ ಮಕ್ಕಳು 'ಇಷ್ಟೇನಾ?' ಅಂತಾರೆ. ಅದು ಅನ್ಯಾಯ. ಟೋಕಿಯೊದಲ್ಲಿ 1,500 ಮೀಟರ್ ಫೈನಲ್ ಓಡಲು ಹಸನ್ ಅವರಿಗೆ ಬೇಕಾಗಿದ್ದು 4 ನಿಮಿಷಕ್ಕೂ ಕಡಿಮೆ. ಅಷ್ಟೇ ದೂರ ಈಜಿ ಚಿನ್ನ ಗೆಲ್ಲಲು ಕೇಟಿ ಲೆಡೆಕಿ ಅವರಿಗೆ 15 ನಿಮಿಷ 37 ಸೆಕೆಂಡು ಹಿಡಿಯಿತು. ಆ ಕೂಟದಲ್ಲಿ ಲೆಡೆಕಿ ಈಜಿದ್ದು ಒಟ್ಟು 6.2 ಕಿ.ಮೀ. ಹತ್ತಿರ ಹತ್ತಿರ ನಾಲ್ಕು ಪಟ್ಟು ಅಂತ ಹಿಡಿದರೆ ಅದು ಹಸನ್ ಅವರ 24.5ಕ್ಕೆ ಸರಿಸಮ ಆಗಿಬಿಡುತ್ತದೆ, ನೋಡಿ.

ಹಳೇ ಓಟಗಾರ:
ಎಮಿಲ್ ಜಾಟೊಪೆಕ್ ಹೆಸರಿಲ್ಲದೆ ಈ ಚಾರ್ಟ್ ಬೇಡ. 1952, ಹೆಲ್ಸಿಂಕಿ. 10,000 ಫೈನಲ್, 5,000 ಹೀಟ್ಸ್ ಮತ್ತು ಫೈನಲ್, ಮ್ಯಾರಥಾನ್. ಮೂರಕ್ಕೂ ಚಿನ್ನ, ಅದೂ ಅವರ ಜೀವನದ ಮೊದಲ ಮ್ಯಾರಥಾನ್! ಕೂಡಿ ನೋಡಿ: ಅದೇ 62.195 ಕಿ.ಮೀ. ಅವರಿಗೆ ಸಿಕ್ಕಿದ್ದು ಜುಲೈ 20ರಿಂದ 27ರವರೆಗೆ, 8 ದಿನ. ಹಸನ್ ಅವರಿಗೆ ಆಗಸ್ಟ್ 2ರಿಂದ 11, ಅಂದರೆ 10 ದಿನ. ಆದರೆ ಹಸನ್ 9ರ ರಾತ್ರಿ 10,000 ಮುಗಿಸಿ 11ರ ಬೆಳಿಗ್ಗೆಯೇ ಮ್ಯಾರಥಾನ್‌ಗೆ ನಿಂತರು. ಜಾಟೊಪೆಕ್ ಮ್ಯಾರಥಾನ್ ಸಮಯ 2:23:03. ಹಸನ್ ಅವರದು 2:22:55. 72 ವರ್ಷದ ಅಂತರ, ಅದೇ ಒಟ್ಟು ದೂರ, 8 ಸೆಕೆಂಡು ವ್ಯತ್ಯಾಸ. ಇಬ್ಬರನ್ನೂ ಒಂದೇ ಸಾಲಿನಲ್ಲಿ ಬರೆಯಿರಿ.

ಸುಣ್ಣದ ಗೆರೆ:
ಮೈ ಜುಮ್ ಅಂತು ಸರ್. ಇಬ್ಬರದೂ ಒಂದೇ ಸಾಲು, ಖಂಡಿತ. ಈಜಿಗೆ ಬೇರೆ ಕಾಲಮ್ ಅನ್ನುವುದೂ ಸರಿ.

ನಮ್ಮವರಲ್ಲಿ ಪಿ.ಟಿ. ಉಷಾ: 1984, ಲಾಸ್ ಏಂಜಲೀಸ್. 400 ಮೀಟರ್ ಹರ್ಡಲ್ಸ್‌ನಲ್ಲೇ ಮೂರು ಓಟ, 1,200 ಮೀಟರ್, 30 ಹರ್ಡಲ್. ಕಂಚು ತಪ್ಪಿದ್ದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ. ಅವಿನಾಶ್ ಸಾಬ್ಳೆ ಟೋಕಿಯೊದ 3,000 ಮೀಟರ್ ಸ್ಟೀಪಲ್‌ಚೇಸ್ (ಅಡ್ಡಗಟ್ಟೆ, ನೀರಿನ ಗುಂಡಿ ದಾಟಿ ಓಡುವ ಸ್ಪರ್ಧೆ) ಹೀಟ್ಸ್‌ನಲ್ಲಿ ರಾಷ್ಟ್ರೀಯ ದಾಖಲೆ ಮಾಡಿದರೂ ಫೈನಲ್ ಸಿಗಲಿಲ್ಲ. ಹಾಗಾಗಿ 3 ಕಿ.ಮೀ. ಪ್ಯಾರಿಸ್‌ನಲ್ಲಿ ಫೈನಲ್ ಮುಟ್ಟಿದರು, 6 ಕಿ.ಮೀ. ನನ್ನ ಮಕ್ಕಳಿಗೆ ಇದನ್ನೇ ತೋರಿಸಬೇಕು. ಮುಂದಿನ ಸುತ್ತಿಗೆ ಹೋದರೆ ಮಾತ್ರ ಈ ಪಟ್ಟಿಯಲ್ಲಿ ದೂರ ಬೆಳೆಯುತ್ತದೆ.

ಹಾಕಿ ತಂಡವನ್ನು ಹೇಗೆ ಸೇರಿಸುವುದು?

ಲೇನ್ ಒಂದು:
ಹಾಕಿ ಕಷ್ಟ. ಆಟಗಾರರು ಎಷ್ಟು ಸಲ ಬೇಕಾದರೂ ಒಳಗೆ ಹೊರಗೆ ಹೋಗಿ ಬರಬಹುದು. ಬೆನ್ನಿಗೆ ಕಟ್ಟಿದ ಜಿಪಿಎಸ್ ಇಲ್ಲದೆ ದೂರ ಸಿಗುವುದಿಲ್ಲ. ಪ್ಯಾರಿಸ್‌ನಲ್ಲಿ ನಮ್ಮವರು ಆಡಿದ್ದು 8 ಪಂದ್ಯ. ಬ್ರಿಟನ್ ಎದುರಿನ ಕ್ವಾರ್ಟರ್ ಫೈನಲ್‌ನಲ್ಲಿ ಅಮಿತ್ ರೋಹಿದಾಸ್‌ಗೆ ರೆಡ್ ಕಾರ್ಡ್ ಬಿದ್ದ ಮೇಲೆ ಹತ್ತೇ ಜನ ಉಳಿದರು. ಹನ್ನೊಂದನೆಯವರ ಓಟವನ್ನೂ ಅವರೇ ಹಂಚಿಕೊಂಡು ಓಡಿ, ಶೂಟೌಟ್‌ನಲ್ಲಿ ಗೆದ್ದರು.

ಸುಣ್ಣದ ಗೆರೆ:
ಹಾಗಾದರೆ ಹಾಕಿಗೆ ಕಿಲೋಮೀಟರ್ ಬರೆಯುವುದಿಲ್ಲ. '8 ಪಂದ್ಯ, ಅದರಲ್ಲಿ ಒಂದು ಹತ್ತೇ ಜನರಿಂದ' ಅಂತ ಬರೆಯುತ್ತೇನೆ. ನಡಿಗೆ ಸ್ಪರ್ಧೆಯವರ ಲೆಕ್ಕ ಇನ್ನೂ ಬಾಕಿ ಇದೆ, ಯಾರಾದರೂ ಕೈ ಜೋಡಿಸಿ.