ಒಂದು ಯೂರೋ ಮನೆ

ಇಟಲಿಯಲ್ಲಿ ಒಂದು ಯೂರೋಗೆ ಮನೆ ಸಿಗುತ್ತದೆ ಎಂಬ ಸಂದೇಶದ ಬಗ್ಗೆ ಕಳೆದ ಭಾನುವಾರ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ನಡೆದ ಚರ್ಚೆಯನ್ನು ಮನೆಯವರ ಒಪ್ಪಿಗೆ ಪಡೆದು ಇಲ್ಲಿ ಹಾಕುತ್ತಿದ್ದೇನೆ. ನಾನು ಕೋಲಾರದಲ್ಲಿ ಆಡಿಟರೊಬ್ಬರ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಇಂಥದೇ ಸಂದೇಶವನ್ನು ಮೊಬೈಲಿನಲ್ಲಿ ತೋರಿಸುತ್ತಾ ಈ ತಿಂಗಳು ಮೂವರು ನಮ್ಮ ಕಚೇರಿಗೆ ಬಂದಿದ್ದರು, ಅವರಲ್ಲಿ ಒಬ್ಬರು ಆಗಲೇ ಜಮೀನಿನ ಪತ್ರ ಹಿಡಿದು ತಂದಿದ್ದರು. ನಮ್ಮ ದೊಡ್ಡಪ್ಪ ನಿವೃತ್ತ ಕನ್ನಡ ಮೇಷ್ಟ್ರಾದ್ದರಿಂದ ಗುಂಪಿನಲ್ಲಿ ಎಲ್ಲರೂ ಪೂರ್ಣ ವಾಕ್ಯಗಳಲ್ಲಿ ಬರೆಯುವ ರೂಢಿ ಬೆಳೆದಿದೆ.

ಮಾಲೂರು ಚಿಕ್ಕಪ್ಪ: ಇಟಲಿಯ ಸಿಸಿಲಿಯಲ್ಲಿ ಕೇವಲ ಒಂದು ಯೂರೋಗೆ ಸ್ವಂತ ಮನೆ! ಮನೆ ಕೊಂಡ ಭಾರತೀಯರಿಗೆ ಕುಟುಂಬ ಸಮೇತ ಪೌರತ್ವ! ಕೊನೆಯ ದಿನಾಂಕ ಹತ್ತಿರವಿದೆ, ತಪ್ಪದೆ ಹತ್ತು ಜನರಿಗೆ ಕಳುಹಿಸಿ.

ಮಾಲೂರು ಚಿಕ್ಕಪ್ಪ: ಎಲ್ಲರೂ ನೋಡಿ. ಕೋಲಾರದಲ್ಲಿ ಮೂವತ್ತು ನಲವತ್ತರ ಒಂದು ಸೈಟಿಗೆ ಕೊಡುವ ದುಡ್ಡಿನಲ್ಲಿ ಅಲ್ಲಿ ಒಂದು ಬೀದಿಯನ್ನೇ ಕೊಳ್ಳಬಹುದು. 2025ರಲ್ಲಿ ಚಿತ್ತೂರಿನವರು ನಮ್ಮ ತೋಟದ ತೋತಾಪುರಿ ಮಾವನ್ನು ಒಳಗೆ ಬಿಡದೆ ಇದ್ದಾಗ, ಶ್ರೀನಿವಾಸಪುರದ ಮಂಡಿಯ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಎರಡು ರಾತ್ರಿ ಕಳೆದವನು ನಾನೊಬ್ಬನೇ. ಆ ತೋಟವನ್ನು ಮಾರೋಣ ಎಂದು ಅಂದಿನಿಂದ ಹೇಳುತ್ತಿದ್ದೇನೆ, ಯಾರೂ ಕಿವಿಗೆ ಹಾಕಿಕೊಳ್ಳುತ್ತಿಲ್ಲ.

ನಾನು: ಚಿಕ್ಕಪ್ಪ, ಈ ಸಂದೇಶ ನಿಮಗೆ ಎಲ್ಲಿಂದ ಬಂತು? ಯಾವ ಊರಿನ ಪುರಸಭೆ ಇದನ್ನು ಪ್ರಕಟಿಸಿದೆ, ಕೊನೆಯ ದಿನಾಂಕ ಯಾವುದು ಎಂಬುದು ಅದರಲ್ಲಿ ಎಲ್ಲಿಯೂ ಇಲ್ಲ.

ಮಾಲೂರು ಚಿಕ್ಕಪ್ಪ: ನಮ್ಮ ಬಡಾವಣೆಯ ವಾಕಿಂಗ್ ಗುಂಪಿನಿಂದ ಬಂತು, ಅಲ್ಲಿ ಹಾಕಿದವರು ನಿವೃತ್ತ ಬ್ಯಾಂಕ್ ಮ್ಯಾನೇಜರು. ನಾನು ಏನು ಹಾಕಿದರೂ ನೀನು ಮೂಲ ಕೇಳುತ್ತೀಯಮ್ಮ. ನಿನ್ನ ತಮ್ಮ ಏನು ಹಾಕಿದರೂ ಮೆಚ್ಚುತ್ತೀಯ.

ದೊಡ್ಡಪ್ಪ: ಮೂಲ ಯಾವುದಾದರೂ ಇರಲಿ, ಈ ಆಸೆಯೇ ನಮಗೆ ತಕ್ಕದ್ದಲ್ಲ. ನಮ್ಮ ತಂದೆಯವರು ಬಾವಿಯಿಂದ ಬಿಂದಿಗೆಯಲ್ಲಿ ನೀರು ಹೊತ್ತು ಆ ತೋಟದ ಒಂದೊಂದು ಬಾದಾಮಿ ಮಾವಿನ ಗಿಡವನ್ನೂ ಮಕ್ಕಳಂತೆ ಬದುಕಿಸಿದರು. ಇದ್ದ ಊರಿನಲ್ಲಿ ಬಾಳಲಾರದವನು ಕಾಣದ ಊರಿನಲ್ಲಿ ಬಾಳುತ್ತಾನೆಯೇ? ಕುವೈತಿಗೆ ಹೋಗಿ ಬಂದ ಮೇಲಾದರೂ ನಿನಗೆ ಇದು ಅರ್ಥವಾಗಿರುತ್ತದೆ ಎಂದುಕೊಂಡಿದ್ದೆ.

ಮಾಲೂರು ಚಿಕ್ಕಪ್ಪ: ಅಣ್ಣ, ಕುವೈತಿನ ಮಾತನ್ನು ನೀವೇ ತೆಗೆದಿದ್ದೀರಿ. 1990ರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ನುಗ್ಗಿದಾಗ ಆರು ವರ್ಷ ದುಡಿದದ್ದನ್ನೆಲ್ಲ ಅಲ್ಲೇ ಬಿಟ್ಟು, ಬಸ್ಸಿನಲ್ಲಿ ಮರಳುಗಾಡು ದಾಟಿ ಅಮ್ಮಾನ್ ತಲುಪಿ, ಏರ್ ಇಂಡಿಯಾ ವಿಮಾನದಲ್ಲಿ ಉಟ್ಟ ಬಟ್ಟೆಯಲ್ಲಿ ಬಂದಿಳಿದೆ. ನನ್ನ ಹಾಗೆ ಬಂದವರು ಒಂದು ಲಕ್ಷ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ. ನಾನು ಬಾಗಿಲಿಗೆ ಬಂದಾಗ ನೀವು ಕೇಳಿದ ಮೊದಲ ಮಾತು, ‘ದುಡ್ಡೆಲ್ಲಿ?’ ಎಂಬುದು. ಹೊರದೇಶದಲ್ಲಿ ನನ್ನ ಹೆಸರಿನಲ್ಲಿ ಒಂದು ಮನೆ ಇರಬೇಕು, ಯಾರೂ ಎಬ್ಬಿಸಲಾಗದ ಮನೆ ಇರಬೇಕು ಎಂಬ ಆಸೆ ನನಗೆ ಹುಟ್ಟಿದ್ದು ಆ ಬಸ್ಸಿನಲ್ಲಿ.

ಟೊರಾಂಟೊ ಅಕ್ಕ: ಚಿಕ್ಕಪ್ಪ, ನೀವು ಬಂದ ದಿನ ನನಗೆ ನೆನಪಿದೆ. ಶ್ರೀನಿವಾಸಪುರದ ಮನೆಯ ಅಟ್ಟದ ಮೇಲೆ ಹುಲ್ಲು ಹಾಸಿ ನೀಲಂ ಮಾವು ಹಣ್ಣಿಗಿಟ್ಟಿದ್ದರು. ಅಜ್ಜಿ ದಿನಕ್ಕೊಂದು ಸಲ ಏಣಿ ಹತ್ತಿ, ಒಂದೊಂದನ್ನೂ ತೊಟ್ಟಿನ ಹತ್ತಿರ ಹೆಬ್ಬೆರಳಿನಿಂದ ಒತ್ತಿ ನೋಡಿ, ಮೆತ್ತಗಾದದ್ದನ್ನು ಮಡಿಲಿಗೆ ಹಾಕಿಕೊಂಡು ಇಳಿಯುತ್ತಿದ್ದರು. ಅಂದು ಮಡಿಲಿನಲ್ಲಿದ್ದ ಹಣ್ಣನ್ನೆಲ್ಲ ನಿಮಗೇ ಕೊಟ್ಟರು. ಆ ಅಟ್ಟ ಈಗ ಹೇಗಿದೆ? ಯಾರಾದರೂ ಒಂದು ಫೋಟೋ ಹಾಕುತ್ತೀರಾ?

ತಮ್ಮ: ಅಕ್ಕ, ಅಟ್ಟದ ವಿಷಯ ಆಮೇಲೆ ಮಾತಾಡೋಣ. ಒಂದು ಯೂರೋ ಮನೆ ನಿಜ. ವೈಟ್‌ಫೀಲ್ಡಿನ ನನ್ನ ಕಚೇರಿಯಲ್ಲಿ ಎಲ್ಲರೂ ಇದನ್ನೇ ಮಾತಾಡುತ್ತಿದ್ದಾರೆ.

ನಾನು: ಪೂರ್ತಿ ಸುಳ್ಳಾಗಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ. 1968ರ ಭೂಕಂಪದಲ್ಲಿ ನಲುಗಿ ಜನ ಬಿಟ್ಟುಹೋದ ಸಾಲೆಮಿ ಎಂಬ ಊರಿನಲ್ಲಿ ಪಾಳುಬಿದ್ದ ಮನೆಗಳನ್ನು ಒಂದು ಯೂರೋಗೆ ಕೊಡುವ ಯೋಚನೆ 2008ರಲ್ಲೇ ಹೊರಟಿತು. 2019ರಲ್ಲಿ ಸಂಬೂಕಾ ಎಂಬ ಊರು ಮನೆಗಳನ್ನು ಹರಾಜಿಗೆ ಇಟ್ಟಾಗ ಪ್ರಪಂಚಕ್ಕೆಲ್ಲ ಸುದ್ದಿಯಾಯಿತು. ಆದರೆ ಒಂದು ಯೂರೋ ಎಂಬುದು ಮಂಡಿಯಲ್ಲಿ ಕೂಗುವ ಮೊದಲ ಸವಾಲಿನಂತೆ, ಕೊನೆಗೆ ಬೆಲೆ ಸಾವಿರಾರು ಯೂರೋಗೆ ಏರಿತು. ಕೊಂಡವರು ಸಾಮಾನ್ಯವಾಗಿ ಐದು ಸಾವಿರ ಯೂರೋ ಠೇವಣಿ ಇಟ್ಟು, ಮೂರು ವರ್ಷದೊಳಗೆ ಮನೆಯನ್ನು ದುರಸ್ತಿ ಮಾಡಿಸಬೇಕು, ತಪ್ಪಿದರೆ ಠೇವಣಿ ಹೋಗುತ್ತದೆ. ಸೂರು ಕುಸಿದ ಕಲ್ಲಿನ ಮನೆಯನ್ನು ಅಲ್ಲಿಯ ಗಾರೆಯವರಿಂದ, ಅಲ್ಲಿಯ ಕೂಲಿ ಕೊಟ್ಟು ಎಬ್ಬಿಸಬೇಕು.

ಪೌರತ್ವದ ಮಾತಂತೂ ಶುದ್ಧ ಸುಳ್ಳು. ಇಟಲಿಯಲ್ಲಿ ಮನೆ ಇದ್ದರೂ ನಮ್ಮ ಪಾಸ್‌ಪೋರ್ಟಿನವರು ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾ ಪಡೆದೇ ಹೋಗಬೇಕು, ಯಾವುದೇ ನೂರ ಎಂಬತ್ತು ದಿನಗಳಲ್ಲಿ ತೊಂಬತ್ತಕ್ಕಿಂತ ಹೆಚ್ಚು ದಿನ ಇರುವಂತಿಲ್ಲ. ಕೂತು ಉಣ್ಣುವಷ್ಟು ಆದಾಯ ಇದ್ದವರಿಗೆ ಬೇರೊಂದು ವೀಸಾ ಇದೆ, ಆದರೆ ಅದರ ಮೇಲೆ ಅಲ್ಲಿ ಕೆಲಸ ಮಾಡುವಂತಿಲ್ಲ. ಪೌರತ್ವಕ್ಕೆ ಹತ್ತು ವರ್ಷ ಕಾನೂನುಬದ್ಧವಾಗಿ ಅಲ್ಲಿ ವಾಸಿಸಿರಬೇಕು, ಅದು ಸಿಕ್ಕ ದಿನ ನಮ್ಮ ಭಾರತದ ಪೌರತ್ವ ಹೋಗುತ್ತದೆ.

ಮಾಲೂರು ಚಿಕ್ಕಪ್ಪ: ಇಷ್ಟುದ್ದ ಬರೆದು ನನ್ನನ್ನು ಸುಳ್ಳನೆಂದೆ, ಅಷ್ಟೇ.

ನಾನು: ಇಲ್ಲ ಚಿಕ್ಕಪ್ಪ, ಖಂಡಿತ ಇಲ್ಲ. ಸಂದೇಶ ಬರೆದವರು ಸುಳ್ಳು ಹೇಳಿದ್ದಾರೆ, ನೀವು ನಂಬಿದ್ದೀರಿ. ಯಾರೂ ಎಬ್ಬಿಸಲಾಗದ ಮನೆ ಬೇಕು ಎಂದಿರಲ್ಲ, ತೊಂಬತ್ತು ದಿನಕ್ಕೆ ಬೀಗ ಹಾಕಿ ಹೊರಡಬೇಕಾದ ಮನೆ ಅಂಥದ್ದಲ್ಲ ಎಂದು ಹೇಳುತ್ತಿದ್ದೇನೆ.

ದೊಡ್ಡಪ್ಪ: ಅವಳ ಮಾತಿನಲ್ಲಿ ತಪ್ಪೇನಿದೆ? ಹಿರಿಯರು ಹೇಳಿದರೆ ಕೇಳುವುದಿಲ್ಲ, ಚಿಕ್ಕವರು ಹೇಳಿದರೆ ಮುನಿಸು.

ಮಾಲೂರು ಚಿಕ್ಕಪ್ಪ: ನಿಮ್ಮ ಮಗಳು ಕೆನಡಾಕ್ಕೆ ಹೊರಟಾಗ ಈ ನೀತಿ ಎಲ್ಲಿತ್ತು ಅಣ್ಣ? 2016ರಲ್ಲಿ ಬಾವಿಯ ಪಕ್ಕದ ಎರಡು ಎಕರೆ ಮಾರಿದ್ದು ಯಾರಿಗಾಗಿ? ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಧ್ಯಾಹ್ನದ ತನಕ ನಿಂತು ಹೆಬ್ಬೆಟ್ಟು ಒತ್ತಿ ಬಂದೆ, ಒಂದು ಮಾತೂ ಆಡಲಿಲ್ಲ.

ಟೊರಾಂಟೊ ಅಕ್ಕ: ಅದನ್ನು ನಾನು ಮರೆತಿಲ್ಲ ಚಿಕ್ಕಪ್ಪ. ಆ ಋಣ ನನ್ನ ಮೇಲಿದೆ, ಆದ್ದರಿಂದ ಇಲ್ಲಿಯ ವಿಷಯವನ್ನು ಮುಚ್ಚಿಡದೆ ಹೇಳುತ್ತೇನೆ. 2021ರಲ್ಲಿ ಕೆನಡಾದ ಕೇಂದ್ರ ಬ್ಯಾಂಕಿನ ಬಡ್ಡಿ ದರ ಶೇಕಡ ಕಾಲು ಇದ್ದಾಗ ನಾವು ಈ ಮನೆ ಕೊಂಡೆವು, 2023ರ ಜುಲೈಗೆ ಅದು ಶೇಕಡ ಐದಕ್ಕೆ ಹೋಯಿತು. ಇಲ್ಲಿ ಸಾಲ ಇಪ್ಪತ್ತೈದು ವರ್ಷದ್ದಾದರೂ ನಮ್ಮ ಬಡ್ಡಿಯ ಒಪ್ಪಂದ ಐದು ವರ್ಷಕ್ಕೆ ಮಾತ್ರ. ಅದನ್ನು ಹೊಸದು ಮಾಡಿಸುವಾಗ ಕಂತು ಎಷ್ಟು ಏರುತ್ತದೆ ಎಂಬ ಲೆಕ್ಕದಲ್ಲೇ ಎರಡು ವರ್ಷ ನಿದ್ದೆಗೆಟ್ಟೆವು. ಬೇಸ್‌ಮೆಂಟನ್ನು ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಟ್ಟು ಕಂತು ಕಟ್ಟುತ್ತಿದ್ದೇವೆ. ನಮಗಾದರೆ ಖಾಯಂ ನಿವಾಸದ ಪತ್ರ ಇದೆ. ಹೊರಗಿನವರು ಇಲ್ಲಿಯ ನಗರಗಳಲ್ಲಿ ಮನೆ ಕೊಳ್ಳುವುದನ್ನೇ 2023ರ ಜನವರಿಯಿಂದ ನಿಷೇಧಿಸಿ, ಅದನ್ನು 2027ರ ಜನವರಿ 1ರ ತನಕ ಮುಂದುವರಿಸಿದ್ದರು.

ನಾನು: ಅಕ್ಕ ಹೇಳಿದ್ದು ಕೆನಡಾ ಒಂದರ ಕತೆಯಲ್ಲ. ಆಸ್ಟ್ರೇಲಿಯಾದವರು 2025ರ ಏಪ್ರಿಲ್‌ನಿಂದ ಎರಡು ವರ್ಷ ಹೊರಗಿನವರು ಹಳೆಯ ಮನೆ ಕೊಳ್ಳುವಂತಿಲ್ಲ ಎಂದಿದ್ದಾರೆ. ಮನೆ ಕೊಂಡರೆ ವಾಸದ ಪರವಾನಗಿ ಕೊಡುತ್ತಿದ್ದ ಪೋರ್ಚುಗಲ್ 2023ರಲ್ಲಿ, ಸ್ಪೇನ್ 2025ರಲ್ಲಿ ಆ ದಾರಿ ಮುಚ್ಚಿದವು. ದುಬೈನಲ್ಲಿ ಇಪ್ಪತ್ತು ಲಕ್ಷ ದಿರ್ಹಮಿನ ಆಸ್ತಿಗೆ ಹತ್ತು ವರ್ಷದ ವೀಸಾ ಇದೆ, ಅದೂ ಪೌರತ್ವವಲ್ಲ. ಊರಿನ ಮಕ್ಕಳಿಗೆ ಮನೆ ಎಟುಕುತ್ತಿಲ್ಲ ಎಂಬ ಕೂಗು ಎದ್ದ ಕಡೆಯಲ್ಲೆಲ್ಲ ಬಾಗಿಲು ಹೀಗೆ ಮುಚ್ಚುತ್ತಿದೆ. ಸಿಸಿಲಿಯ ಬೆಟ್ಟದೂರುಗಳಲ್ಲಿ ಮಾತ್ರ ಬಾಗಿಲು ತೆರೆದಿರುವುದು ಏಕೆಂದರೆ, ಅಲ್ಲಿಯ ಮಕ್ಕಳು ಅಮೆರಿಕಕ್ಕೆ, ಜರ್ಮನಿಗೆ, ತಮ್ಮದೇ ದೇಶದ ಉತ್ತರದ ನಗರಗಳಿಗೆ ಹೊರಟುಹೋಗಿ ಮನೆಗಳಿಗೆ ವಾರಸುದಾರರೇ ಬರುತ್ತಿಲ್ಲ.

ತಮ್ಮ: ಅಕ್ಕ, ಈಗ ಹೇಳಲೇಬೇಕು. ಬೆಂಗಳೂರಿನ ಒಂದು ಏಜೆನ್ಸಿಗೆ ನಾನು ಐವತ್ತು ಸಾವಿರ ಮುಂಗಡ ಕೊಟ್ಟಿದ್ದೇನೆ. ಮನೆಯ ನೋಂದಣಿ, ವಾಸದ ಪರವಾನಗಿ ಎರಡನ್ನೂ ಅವರೇ ಮಾಡಿಸುತ್ತಾರಂತೆ. ಉಳಿದ ಒಂದು ಲಕ್ಷವನ್ನು ನಾಳೆ ಸಂಜೆಯೊಳಗೆ ಕಟ್ಟಬೇಕು. ದುರಸ್ತಿಗೆ ನಲವತ್ತು ಲಕ್ಷ ಬೇಕಾಗಬಹುದು. ಅದಕ್ಕೇ ಚಿಕ್ಕಪ್ಪ ತೋಟದ ಮಾತು ಎತ್ತಿದ್ದು, ನಾನೇ ಕೇಳಿಕೊಂಡಿದ್ದೆ.

ದೊಡ್ಡಪ್ಪ: ಹಾಗಾದರೆ ನೀವಿಬ್ಬರೂ ಮೊದಲೇ ಮಾತಾಡಿಕೊಂಡು ಗುಂಪಿಗೆ ಬಂದಿದ್ದೀರಿ. ಇದು ನನಗೆ ಬಹಳ ನೋವು ತಂದಿದೆ.

ಮಾಲೂರು ಚಿಕ್ಕಪ್ಪ: ಹುಡುಗ ಹೆದರಿ ನನ್ನ ಹತ್ತಿರ ಬಂದ ಅಣ್ಣ. ನಿಮ್ಮ ಹತ್ತಿರ ಬರಲು ಅವನಿಗೂ ಧೈರ್ಯ ಇಲ್ಲ.

ನಾನು: ದೊಡ್ಡಪ್ಪ, ಚಿಕ್ಕಪ್ಪ, ನೀವಿಬ್ಬರೂ ದಯವಿಟ್ಟು ಒಂದು ನಿಮಿಷ ತಾಳಿ. ತಮ್ಮ, ನಲವತ್ತು ಲಕ್ಷ ಕಳಿಸುವುದಾದರೆ ಏನಾಗುತ್ತದೆ ಎಂದು ಕೇಳು. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಒಬ್ಬರು ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ತನಕ ಕಳಿಸಬಹುದು, ಆದ್ದರಿಂದ ಕಳಿಸಲು ಅಡ್ಡಿಯಿಲ್ಲ. ಆದರೆ ಹತ್ತು ಲಕ್ಷ ದಾಟಿದ ಮೊತ್ತಕ್ಕೆ ಬ್ಯಾಂಕು ಶೇಕಡ ಇಪ್ಪತ್ತು ಟಿಸಿಎಸ್, ಅಂದರೆ ಮುಂಚಿತವಾಗಿಯೇ ವಸೂಲಿ ಮಾಡುವ ತೆರಿಗೆ, ಹಿಡಿಯುತ್ತದೆ. ಅಂದರೆ ಮೂವತ್ತು ಲಕ್ಷದ ಮೇಲೆ ಆರು ಲಕ್ಷವನ್ನು ನೀನು ಕೈಯಿಂದ ಹೆಚ್ಚಿಗೆ ಕಟ್ಟಿ, ತೆರಿಗೆ ವಿವರ ಸಲ್ಲಿಸಿದ ಮೇಲೆ ಹೊಂದಿಸಿಕೊಳ್ಳಬೇಕು ಇಲ್ಲವೇ ವಾಪಸು ಪಡೆಯಬೇಕು. ಹೊರದೇಶದ ಆಸ್ತಿ ಕೊಳ್ಳಲು ಕಳಿಸುವ ಹಣಕ್ಕೆ ಇಲ್ಲಿಯ ಬ್ಯಾಂಕು ಸಾಲ ಕೊಡುವಂತಿಲ್ಲ. ಆ ಮನೆಯನ್ನು ಪ್ರತಿ ವರ್ಷ ತೆರಿಗೆ ವಿವರದ ವಿದೇಶಿ ಆಸ್ತಿ ಪಟ್ಟಿಯಲ್ಲಿ ತೋರಿಸಬೇಕು, ಮರೆತರೆ 2015ರ ಕಪ್ಪುಹಣ ಕಾಯ್ದೆಯಲ್ಲಿ ಹತ್ತು ಲಕ್ಷದ ದಂಡವಿದೆ. ಏಜೆನ್ಸಿಯವರು ಇದರಲ್ಲಿ ಒಂದನ್ನಾದರೂ ನಿನಗೆ ಹೇಳಿದರೇ? ನಿನ್ನಿಂದ ಸಹಿ ಹಾಕಿಸಿಕೊಂಡ ಕಾಗದದ ಎರಡೂ ಬದಿಯ ಫೋಟೋವನ್ನು ಈಗಲೇ ಹಾಕು.

ಟೊರಾಂಟೊ ಅಕ್ಕ: ತೋಟವನ್ನು ಮಾತ್ರ ಮಾರಬೇಡಿ. ಹಣದ ವಿಷಯ ನನ್ನ ಜೊತೆ ಮಾತಾಡಪ್ಪ, ಬಿಡುವಾದಾಗ ಫೋನ್ ಮಾಡು.

ಮಾಲೂರು ಚಿಕ್ಕಪ್ಪ: ನೀನು ಕೇಳಿದ ಅಟ್ಟದ ಫೋಟೋ ಹೋದ ತಿಂಗಳು ತೆಗೆದದ್ದಿದೆ, ಹಾಕಿದ್ದೇನೆ ನೋಡಮ್ಮ. ಹಂಚು ಒಡೆದು ಮಳೆ ನೀರು ಒಳಕ್ಕೆ ಇಳಿಯುತ್ತಿದೆ, ತೊಲೆಗೆ ಗೆದ್ದಲು ಹತ್ತಿದೆ. ಮಾಲೂರಿನಿಂದ ಹಂಚು ತಂದು ಹೊದಿಸಿದರೆ ಈ ಮಳೆಗಾಲ ತಡೆಯುತ್ತದೆ. ಬೀಗದ ಕೈ ಒಂದು ನನ್ನ ಹತ್ತಿರ ಇದೆ, ಇನ್ನೊಂದು ಅಣ್ಣನ ಹತ್ತಿರ.

ದೊಡ್ಡಪ್ಪ: ನನ್ನದು ಎಲ್ಲಿದೆಯೆಂದು ಹುಡುಕಬೇಕು. ಹೋಗಿ ನಾಲ್ಕು ವರ್ಷವಾಯಿತು.

ತಮ್ಮ: ಅಕ್ಕ, ಕಾಗದದ ಫೋಟೋ ಹಾಕಿದ್ದೇನೆ. ಹಿಂಬದಿಯ ಒಂಬತ್ತನೆಯ ಷರತ್ತನ್ನು ಈಗ ಓದಿದೆ. ವೀಸಾ ತಿರಸ್ಕೃತವಾದರೂ ಹಣ ಹಿಂದಿರುಗಿಸುವುದಿಲ್ಲ, ವಾಸದ ಪರವಾನಗಿಯ ಹೊಣೆ ಏಜೆನ್ಸಿಯದಲ್ಲ ಎಂದಿದೆ. ನಾಳೆ ಒಂದು ಲಕ್ಷ ಕಟ್ಟುವುದಿಲ್ಲ. ಆದರೆ ಹೊರದೇಶಕ್ಕೆ ಹೋಗುವ ಯೋಚನೆಯನ್ನು ನಾನು ಬಿಟ್ಟಿಲ್ಲ, ದೊಡ್ಡಪ್ಪನವರಿಗೂ ಇದನ್ನು ನೇರವಾಗಿ ಹೇಳುತ್ತಿದ್ದೇನೆ.

ನಾನು: ಬಿಡಬೇಕೆಂದು ನಾನೂ ಹೇಳುವುದಿಲ್ಲ. ನಾಳೆ ಅರ್ಧ ದಿನ ರಜೆ ಹಾಕಿ ಕಚೇರಿಗೆ ಬಾ, ಕೊಟ್ಟ ಐವತ್ತು ಸಾವಿರದ ರಸೀದಿಯನ್ನು ಮರೆಯದೆ ತಾ.