ಪದಚರ್ಚೆ: ಗಾಡಿಯ ಪಂಪಿಗೂ ‘ಸ್ಟಾರ್ಟರ್ ಡಬ್ಬಿ’ ಅನ್ನಬಹುದಾ? ಮತ್ತೆ ‘ಕೆಟ್ಟಿದೆ’, ‘ಹೋಗಿದೆ’

ಎಲ್ಲರಿಗೂ ನಮಸ್ಕಾರ.

ನನಗೊಂದು ಪದ ಬೇಕಾಗಿದೆ, ಗಾಡಿಯ ಪೆಟ್ರೋಲ್ ಪಂಪನ್ನು ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಗೆ. ಜೊತೆಗೆ ಎರಡು ಕ್ರಿಯಾಪದಗಳ ಬಗ್ಗೆ ಒಂದು ಅನುಮಾನವೂ ಇದೆ. ಎರಡೂ ಹುಟ್ಟಿದ್ದು ನನ್ನ ಗಾಡಿ ಕೆಟ್ಟು ನಿಂತ ಮೇಲೆ. ಹಾಗಾಗಿ ಮೊದಲು ಗಾಡಿಯ ಕಥೆ ಕೇಳಬೇಕು, ಬೇಜಾರು ಮಾಡಿಕೊಳ್ಳಬೇಡಿ.

ನಾನಿರುವುದು ಅಮೆರಿಕದ ಮಿಶಿಗನ್‌ನಲ್ಲಿ. ನನ್ನ ಹತ್ತಿರ 2006ರ ಹಳೇ ಪಿಕಪ್ ಟ್ರಕ್ ಒಂದಿದೆ. ಕಂಪನಿಯ ಹೆಸರು ಇಲ್ಲಿ ಬೇಡ. ಕೆಲವು ವಾರಗಳಿಂದ ಅದು ಆಟ ಆಡುತ್ತಿತ್ತು. ಹೆದ್ದಾರಿಯಲ್ಲಿ ಹೋಗ್ತಾ ಹೋಗ್ತಾ ಉಸಿರು ಕಟ್ಟಿದ ಹಾಗೆ ಎಳೆಯುವುದನ್ನೇ ನಿಲ್ಲಿಸುತ್ತಿತ್ತು, ಸ್ವಲ್ಪ ಹೊತ್ತಿಗೆ ಸರಿಹೋಗುತ್ತಿತ್ತು. ಅಕ್ಕನ ಮಗ ತಿಪಟೂರಿನಲ್ಲಿ ಐಟಿಐ ಓದುತ್ತಿದ್ದಾನೆ, ಮೋಟಾರ್ ಮೆಕ್ಯಾನಿಕ್ ಟ್ರೇಡು. ಅವನಿಗೆ ಫೋನು ಮಾಡಿ ‘ಪಿಕಪ್ ತೊಂದರೆ ಕೊಡ್ತಿದೆ ಕಣೋ’ ಅಂದೆ. ‘ಮಾವ, ಏರ್ ಫಿಲ್ಟರ್ ಕ್ಲೀನ್ ಮಾಡಿದ್ರಾ?’ ಅಂದ. ತರಕಾರಿ ಸಾಗಿಸುವ ಪಿಕಪ್ ಗಾಡಿಗಳು ಅಲ್ಲೂ ಇವೆ, ಆದರೆ ‘ಪಿಕಪ್ ತೊಂದರೆ’ ಅಂದ ಕೂಡಲೇ ಅವನ ತಲೆಗೆ ಬಂದದ್ದು ಎಂಜಿನ್ನಿನ ಎಳೆತ. ಪಿಕಪ್‌ಗೆ ಪಿಕಪ್ ಇಲ್ಲ ಅಂತ ಬಿಡಿಸಿ ಹೇಳಬೇಕಾಯಿತು.

ಒಂದು ದಿನ ಬೆಳಿಗ್ಗೆ ಪೂರ್ತಿ ಕೈಕೊಟ್ಟಿತು. ಸೆಲ್ಫ್ ಹೊಡೆಯುತ್ತೆ, ಎಂಜಿನ್ ಹಿಡಿಯಲ್ಲ. ಕೆಟ್ಟು ಪಟ್ಟಣ ಸೇರು ಅಂತಾರಲ್ಲ, ನನ್ನ ಗಾಡಿ ಪಟ್ಟಣಕ್ಕೆ ಹೊರಡುವ ಮೊದಲೇ ಮನೆ ಮುಂದೆ ಕೆಟ್ಟಿತು. ಬೆಳಗಾವಿ ಕಡೆಯ ಗೆಳೆಯನಿಗೆ ‘ಪೆಟ್ರೋಲ್ ಪಂಪ್ ಕೆಟ್ಟಿರಬೇಕು’ ಅಂದರೆ ‘ಬ್ಯಾರೆ ಪಂಪಿಗೆ ಹೋಗ್ರಿ’ ಅಂತ ನಕ್ಕ. ನಾವು ಬಂಕ್ ಅನ್ನುವುದನ್ನು ಅವರು ಪಂಪ್ ಅನ್ನುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. ಈಗಿನ ಗಾಡಿಗಳಲ್ಲಿ ಪಂಪ್ ಇರುವುದು ಟ್ಯಾಂಕಿನ ಒಳಗೆ, ಪೆಟ್ರೋಲಿನಲ್ಲಿ ಮುಳುಗಿಕೊಂಡು. ಕೀಲಿ ಅರ್ಧ ತಿರುಗಿಸಿದರೆ ಅದು ಒಂದೆರಡು ಸೆಕೆಂಡು ಗುಂಯ್ ಅನ್ನಬೇಕು. ನನ್ನದು ತೆಪ್ಪಗಿತ್ತು. ಈ ಪಂಪನ್ನು ನಡೆಸಲು ಹೊರಗೊಂದು ಎಲೆಕ್ಟ್ರಾನಿಕ್ ಪೆಟ್ಟಿಗೆ ಇದೆ. ಅದರ ಹೆಸರೇ ಫ್ಯೂಯಲ್ ಪಂಪ್ ಕಂಟ್ರೋಲ್ ಮಾಡ್ಯೂಲ್. ಎಂಜಿನ್ ಕಂಪ್ಯೂಟರ್ ‘ಇಷ್ಟು ಬೇಕು’ ಅನ್ನುತ್ತೆ. ಈ ಪೆಟ್ಟಿಗೆ ಪಂಪಿಗೆ ಹೋಗುವ ಕರೆಂಟನ್ನು ಸೆಕೆಂಡಿಗೆ ಎಷ್ಟೋ ಸಲ ಹಾಕಿ ತೆಗೆದು, ಪಂಪ್ ಜೋರಾಗಿ ಓಡಬೇಕೋ ನಿಧಾನಕ್ಕೋ ಅನ್ನುವುದನ್ನು ನೋಡಿಕೊಳ್ಳುತ್ತೆ. ಹಳೇ ಗಾಡಿಗಳಲ್ಲಿ ಈ ಜಾಗದಲ್ಲಿ ಬರೀ ಒಂದು ರಿಲೇ, ಅಂದರೆ ಕರೆಂಟಿನಿಂದಲೇ ಆನ್ ಆಫ್ ಆಗುವ ಸ್ವಿಚ್, ಇತ್ತು. ಇದ್ದರೆ ಪೂರ್ತಿ, ಇಲ್ಲದಿದ್ದರೆ ಇಲ್ಲ.

ನಾನು ಪಂಪೇ ಹೋಗಿದೆ ಅಂದುಕೊಂಡು ಟ್ಯಾಂಕ್ ಇಳಿಸುವ ಲೆಕ್ಕ ಹಾಕುತ್ತಿದ್ದೆ. ಆ ವಾರ ಅಪ್ಪನಿಗೆ ಫೋನಿನಲ್ಲಿ ಸುಮ್ನೆ ಹೇಳಿದೆ. ಅಪ್ಪನಿಗೆ ಕಾರು ಓಡಿಸಲು ಬರಲ್ಲ. ತೋಟದಲ್ಲಿ ಬೋರ್‌ವೆಲ್ ಇದೆ, ಅಷ್ಟೆ. ಒಂದೇ ಮಾತು ಕೇಳಿದರು: ‘ಮೋಟ್ರು ಎತ್ತೋಕ್ ಮುಂಚೆ ಸ್ಟಾರ್ಟ್ರು ಡಬ್ಬಿ ನೋಡ್ದೇನೋ?’

ಅಲ್ವಾ! ನೀರಿನೊಳಗೆ ಮೋಟರು, ದಡದಲ್ಲಿ ಸ್ಟಾರ್ಟರ್ ಡಬ್ಬಿ. ಪೆಟ್ರೋಲಿನೊಳಗೆ ಪಂಪು, ಹೊರಗೆ ಮಾಡ್ಯೂಲ್. ನೀರು ಬರಲಿಲ್ಲ ಅಂತ ಯಾವ ರೈತನೂ ಮೊದಲಿಗೇ ಪೈಪು ಬಿಚ್ಚಿ ಮೋಟರು ಎತ್ತಲ್ಲ. ಕರೆಂಟ್ ಇದೆಯಾ, ಫ್ಯೂಸ್ ಇದೆಯಾ, ಡಬ್ಬಿಗೆ ಬಂದ ಕರೆಂಟು ಮೋಟರಿಗೆ ಹೋಗುತ್ತಿದೆಯಾ ಅಂತ ನೋಡುತ್ತಾನೆ. ಎತ್ತುವ ಕೂಲಿ ಸುಮ್ನೆ ದಂಡ ಅಂತ ಅವನಿಗೆ ಗೊತ್ತು.

ನಾನೂ ಹಾಗೇ ಮಾಡಿದೆ. ಫ್ಯೂಸ್ ಚೆನ್ನಾಗಿತ್ತು. ಡಬ್ಬಿಯ ಕನೆಕ್ಟರ್ ಬಿಚ್ಚಿ ಮೀಟರ್ ಇಟ್ಟರೆ 12 ವೋಲ್ಟ್ ಬರುತ್ತಿತ್ತು. ಇಲ್ಲಿ ಒಂದು ಎಚ್ಚರಿಕೆ: ಬರೀ ಮೀಟರ್ ನಂಬಬಾರದು. ವೈರಿನ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ 12 ತೋರಿಸುತ್ತೆ. ಹಳೇ ಹೆಡ್‌ಲೈಟ್ ಬಲ್ಬ್ ಒಂದನ್ನು ಸಿಕ್ಕಿಸಿ, ಅದು ಜೋರಾಗಿ ಉರಿದರೆ ಮಾತ್ರ ಕರೆಂಟ್ ನಿಜ. ಅರ್ಥ್ ಕೂಡ ಹಾಗೇ ನೋಡಿದೆ, ಸರಿ ಇತ್ತು. ಕಂಪ್ಯೂಟರ್‌ನಿಂದ ಅಪ್ಪಣೆಯೂ ಬರುತ್ತಿತ್ತು. ಆಮೇಲೆ ಫ್ಯೂಸ್ ಹಾಕಿದ ವೈರಿನಲ್ಲಿ ಡಬ್ಬಿಯನ್ನು ದಾಟಿಸಿ ಪಂಪಿಗೇ ನೇರ ಬ್ಯಾಟರಿ ಕೊಟ್ಟೆ, ಮೂರು ಸೆಕೆಂಡು. ಗುಂಯ್ ಅಂತು! ಅಂದರೆ ಬರಬೇಕಾದ್ದೆಲ್ಲ ಡಬ್ಬಿಗೆ ಬರುತ್ತಿದೆ, ಅದರಿಂದ ಮುಂದಕ್ಕೆ ಹೋಗುತ್ತಿಲ್ಲ. ಪಂಪ್ ಗಟ್ಟಿಯಾಗಿದೆ.

ಡಬ್ಬಿ ಇದ್ದದ್ದು ಗಾಡಿಯ ಹಿಂಭಾಗದಲ್ಲಿ, ಅಡಿಯಲ್ಲಿ, ಸ್ಟೆಪ್ನಿಯ ಮೇಲೆ. ಸ್ಟೆಪ್ನಿ ಅಂದರೆ ಇಲ್ಲಿ ಯಾರಿಗೂ ಅರ್ಥವಾಗಲ್ಲ. 1904ರ ಹೊತ್ತಿಗೆ ವೇಲ್ಸ್‌ನ ಲನೆಲ್ಲಿ ಊರಿನ ಸ್ಟೆಪ್ನಿ ರಸ್ತೆಯಲ್ಲಿ ಶುರುವಾದ ಬಿಡಿ ಚಕ್ರದ ಹೆಸರು ಅದು. ಅಲ್ಲಿ ಮರೆತರು, ನಾವು ಇಟ್ಟುಕೊಂಡೆವು. ಸೆಲ್ಫ್ ಕಥೆಯೂ ಅದೇ. 1912ರಲ್ಲಿ ಇದೇ ಡೆಟ್ರಾಯ್ಟ್‌ನ ಕ್ಯಾಡಿಲಾಕ್ ಕಾರಿಗೆ ಎಲೆಕ್ಟ್ರಿಕ್ ಸೆಲ್ಫ್ ಸ್ಟಾರ್ಟರ್ ಬಂತು. ಇಲ್ಲಿಯವರು ಸೆಲ್ಫ್ ಬಿಟ್ಟು ಸ್ಟಾರ್ಟರ್ ಉಳಿಸಿಕೊಂಡರು, ನಾವು ಸ್ಟಾರ್ಟರ್ ಬಿಟ್ಟು ಸೆಲ್ಫ್ ಉಳಿಸಿಕೊಂಡೆವು. ಇದನ್ನು ಸ್ವಲ್ಪ ನೆನಪಿಡಿ, ಕೆಳಗೆ ಬೇಕಾಗುತ್ತೆ.

ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಸ್ಟೆಪ್ನಿ ಇಳಿಸಿ ನೋಡಿದರೆ ಡಬ್ಬಿಯ ಬೆನ್ನು ತೂತಾಗಿತ್ತು. ಅಲ್ಯೂಮಿನಿಯಂ ಡಬ್ಬಿಯನ್ನು ಉಕ್ಕಿನ ಚಾಸಿಗೆ ತಾಗಿಸಿ ಬಿಗಿದಿದ್ದಾರೆ. ಚಳಿಗಾಲದಲ್ಲಿ ಇಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ. (ಡೆಟ್ರಾಯ್ಟ್ ಊರಿನ ಅಡಿಯಲ್ಲೇ ಸುಮಾರು 1,200 ಅಡಿ ಆಳದಲ್ಲಿ ಉಪ್ಪಿನ ಗಣಿ ಇದೆ, ಉಪ್ಪಿಗೇನೂ ಬರವಿಲ್ಲ.) ಎರಡು ಬೇರೆ ಬೇರೆ ಲೋಹ, ನಡುವೆ ಉಪ್ಪುನೀರು. ಅದೇ ಒಂದು ಪುಟ್ಟ ಬ್ಯಾಟರಿಯ ಹಾಗೆ ಕೆಲಸ ಮಾಡಿ ಅಲ್ಯೂಮಿನಿಯಂ ಸವೆದುಹೋಗುತ್ತೆ. ಆಮೇಲೆ ನೀರು ಒಳಗಿನ ಸರ್ಕ್ಯೂಟ್ ಬೋರ್ಡಿಗೆ. ಉಪ್ಪು ತಿಂದವನು ನೀರು ಕುಡಿಯಲೇಬೇಕಲ್ಲ.

ಹೊಸ ಡಬ್ಬಿ ಹಾಕುವುದು ದೊಡ್ಡ ಕೆಲಸವೇನಲ್ಲ. ಎರಡು ಬೋಲ್ಟು, ಒಂದು ಕನೆಕ್ಟರ್. ತುಕ್ಕು ಹಿಡಿದ ಬೋಲ್ಟು ಬಿಚ್ಚಲು ಆದ ಹೊತ್ತೇ ಜಾಸ್ತಿ. ಈ ಸಲ ಡಬ್ಬಿ ಚಾಸಿಗೆ ತಾಗದ ಹಾಗೆ ನಡುವೆ ಬುಶ್ ಕೊಟ್ಟು ಸಂದು ಬಿಟ್ಟಿದ್ದೇನೆ. ಕೆಲವು ಗಾಡಿಗಳಲ್ಲಿ ಹೊಸ ಮಾಡ್ಯೂಲ್‌ಗೆ ಪ್ರೋಗ್ರಾಮ್ ತುಂಬಿಸಬೇಕು, ನನ್ನದಕ್ಕೆ ಬೇಕಾಗಲಿಲ್ಲ.

ಈಗ ಅನುಮಾನ. ಇದನ್ನೆಲ್ಲ ಕನ್ನಡದಲ್ಲಿ ಬರೆದುಕೊಡಿ, ಕ್ಲಾಸಿನ ಹುಡುಗರಿಗೂ ಓದಿಸ್ತೀನಿ ಅಂತ ಅಕ್ಕನ ಮಗ ಕೇಳಿದ. ಬರೆಯಲು ಕೂತಾಗ ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡೆ. ‘ಗಾಡಿ ಕೆಟ್ಟಿದೆ, ಮಾಡ್ಯೂಲ್ ಹೋಗಿದೆ’ ಅಂತ ಬರೆದೆ. ತಿರುಗಿಸಿ ‘ಮಾಡ್ಯೂಲ್ ಕೆಟ್ಟಿದೆ, ಗಾಡಿ ಹೋಗಿದೆ’ ಅಂದರೆ? ಗಾಡಿಯನ್ನು ಯಾರೋ ಕದ್ದ ಹಾಗಾಯಿತು! ಬಲ್ಬ್ ಹೋಗುತ್ತೆ, ಫ್ಯೂಸ್ ಹೋಗುತ್ತೆ, ಕ್ಲಚ್ ಪ್ಲೇಟ್ ಹೋಗುತ್ತೆ. ಮಿಕ್ಸಿ ಕೆಡುತ್ತೆ, ಟಿವಿ ಕೆಡುತ್ತೆ, ಬಸ್ಸು ಕೆಟ್ಟು ನಿಲ್ಲುತ್ತೆ. ಒಳಗಿನ ಒಂದು ಭಾಗ ಹೋದರೆ ಇಡೀ ಯಂತ್ರ ಕೆಡುತ್ತೆ ಅನ್ನುವುದು ನನ್ನ ಊಹೆ. ಇನ್ನೊಂದು ಎಳೆಯೂ ಕಾಣುತ್ತೆ. ಕೆಟ್ಟದ್ದು ಸರಿಹೋಗಬಹುದು, ಹೋದದ್ದು ಬರಲ್ಲ, ಹೊಸದೇ ಹಾಕಬೇಕು. ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರೆ, ಹೋದ ಮೇಲೆ ಏನು ಬಂದೀತು? ಗಾಡಿ ರಿಪೇರಿಯಲ್ಲಿ ಮುಖ್ಯ ಪ್ರಶ್ನೆಯೇ ಇದು, ಎರಡೂ ಅರ್ಥ ನಮ್ಮ ಎರಡು ಕ್ರಿಯಾಪದಗಳಲ್ಲೇ ಇದ್ದರೆ ಚೆಂದ. ಆದರೆ ಹಾಲು ಕೆಟ್ಟರೆ ಸರಿಹೋಗಲ್ಲವಲ್ಲ, ಅಲ್ಲಿ ನನ್ನ ಊಹೆ ಬೀಳುತ್ತೆ. ಮೇಲಾಗಿ ‘ಕೆಟ್ಟು ಹೋಗಿದೆ’ ಅಂತ ಎರಡನ್ನೂ ಸೇರಿಸಿ ಹೇಳುವವರೂ ನಾವೇ. ನಿಮ್ಮ ಕಡೆ ಈ ವ್ಯತ್ಯಾಸ ಇದೆಯಾ? ಕರಾವಳಿಯವರು, ಉತ್ತರ ಕರ್ನಾಟಕದವರು ಹೇಳಿದರೆ ಒಳ್ಳೆಯದು.

ಎರಡನೆಯದು, ಹೆಸರು. ‘ಇಂಧನ ಪಂಪ್ ನಿಯಂತ್ರಣ ಘಟಕ’ ಅಂತ ಬರೆದು ಕಳಿಸಿದೆ. ‘ಮಾವ, ಇದು ಸರ್ಕಾರಿ ಆಫೀಸಿನ ಹೆಸರಿದ್ದ ಹಾಗಿದೆ’ ಅಂದ. ಇದೇ ಪೆಟ್ಟಿಗೆಗೆ ಡ್ರೈವರ್ ಮಾಡ್ಯೂಲ್ ಅನ್ನುವವರೂ ಇದ್ದಾರೆ. ಅದನ್ನು ಚಾಲಕ ಅಂತ ಮಾಡಿದರೆ ಪಂಪಿಗೆ ಲೈಸೆನ್ಸ್ ಕೇಳಬೇಕಾದೀತು. ನನಗೆ ಅಪ್ಪನ ‘ಸ್ಟಾರ್ಟರ್ ಡಬ್ಬಿ’ಯೇ ಹಿಡಿಸಿದೆ. ಗಾಡಿಯಲ್ಲಿ ಸ್ಟಾರ್ಟರ್ ಅಂದರೆ ಗೊಂದಲ ಆಗಬೇಕಿತ್ತು, ಆದರೆ ನಾವು ಅದಕ್ಕೆ ಸೆಲ್ಫ್ ಅನ್ನುವುದರಿಂದ ಆ ಪದ ಖಾಲಿ ಇದೆ. ಒಂದೇ ತಕರಾರು: ತೋಟದ ಸ್ಟಾರ್ಟರ್ ಮೋಟರಿನ ವೇಗ ಏರಿಸಿ ಇಳಿಸುವುದಿಲ್ಲ, ಇದು ಅದನ್ನೂ ಮಾಡುತ್ತೆ. ಸೋಲಾರ್ ಪಂಪಿನ ಜೊತೆ ಬರುವ ಡಬ್ಬಿ ವೇಗವನ್ನೂ ನೋಡಿಕೊಳ್ಳುತ್ತೆ, ಅದಕ್ಕೆ ಕಂಟ್ರೋಲರ್ ಅನ್ನುತ್ತಾರೆ. ‘ಪಂಪ್ ಕಂಟ್ರೋಲರ್’ ಸಾಕಾ? ಅಂಕೆ, ಹತೋಟಿ, ಹಿಡಿತ, ಇವುಗಳಲ್ಲಿ ಯಾವುದಾದರೂ ಇಲ್ಲಿ ಕೂರುತ್ತಾ?

ಇನ್ನೊಂದು ಚಿಕ್ಕದು. ಸ್ಕ್ಯಾನರ್ ಪಿ0627 ಅನ್ನುವ ಕೋಡ್ ತೋರಿಸಿತ್ತು. ಪಂಪ್ ಕಂಟ್ರೋಲ್ ಸರ್ಕ್ಯೂಟ್ ಓಪನ್ ಅಂತ ಅದರ ಅರ್ಥ. ಶಾಲೆಯಲ್ಲಿ ನಾವು ‘ತೆರೆದ ಮಂಡಲ’ ಅಂತ ಓದಿದ್ದೇವೆ. ಆದರೆ ನಲ್ಲಿ ತೆರೆದರೆ ನೀರು ಬರುತ್ತೆ, ಮಂಡಲ ತೆರೆದರೆ ಕರೆಂಟ್ ನಿಲ್ಲುತ್ತೆ. ಪಂಪಿನ ವಿಷಯದಲ್ಲಿ ‘ತೆರೆದಿದೆ’ ಅಂದರೆ ಹುಡುಗರು ಪೆಟ್ರೋಲ್ ಸೋರುತ್ತಿದೆ ಅಂದುಕೊಂಡಾರು. ನಾನು ‘ಲೈನ್ ಕಡಿದಿದೆ’ ಅಂತ ಬರೆದಿದ್ದೇನೆ. ತಪ್ಪಿದ್ದರೆ ತಿದ್ದಿ.

ಕೊನೆಗೆ ಅಪ್ಪನೇ ಕೇಳಿದ ಪ್ರಶ್ನೆ. ಹಳೇ ಡಬ್ಬಿಯ ಫೋಟೋ ಕಳಿಸಿದ್ದೆ. ಬೆನ್ನ ಮೇಲೆಲ್ಲ ಬಿಳಿ ಪುಡಿ, ಮುಟ್ಟಿದರೆ ಉದುರುತ್ತೆ. ಕಬ್ಬಿಣಕ್ಕಾದರೆ ತುಕ್ಕು, ತಾಮ್ರ ಹಿತ್ತಾಳೆಗಾದರೆ ಕಿಲುಬು. ಅಲ್ಯೂಮಿನಿಯಂಗೆ ಹಿಡಿಯುವುದಕ್ಕೆ ನಮ್ಮಲ್ಲಿ ಏನಂತಾರೆ?